ವಿಜಯಪುರದ ಖಾರದ ಊಟಕ್ಕೆ ವೈನ್ ಹೊಂದುತ್ತದಾ? ಗೆಳೆಯರನ್ನು ಯಾವ ತಿಂಗಳಲ್ಲಿ ಕರೆಯಬೇಕು?

ಕೆಲಸಕ್ಕೆಂದು ವಿಜಯಪುರಕ್ಕೆ ಬಂದಿದ್ದೀರಿ. ಇಲ್ಲಿಯ ಗೆಳೆಯರನ್ನು ಕರೆದು, ಇಲ್ಲಿಯದೇ ಊಟದ ಜೊತೆ ಒಂದೆರಡು ಬಾಟಲಿ ವೈನ್ ಇಡಬೇಕು ಅಂತ ನಿಮ್ಮ ಆಸೆ. ರೊಟ್ಟಿ, ಎಣಗಾಯಿ, ಕೆಂಪು ಚಟ್ನಿಗೆ ವೈನ್ ಹೊಂದುತ್ತದಾ ಅಂತ ಕೇಳಿದ್ದೀರಿ.

ಹೊಂದುತ್ತದೆ. ತುಂಬಾ ಚೆನ್ನಾಗಿಯೇ ಹೊಂದುತ್ತದೆ. ಆದರೆ ಬಾಟಲಿ ಯೋಚನೆ ಆಮೇಲೆ, ಮೊದಲು ತಿಂಗಳು ಗೊತ್ತು ಮಾಡಿಕೊಳ್ಳಿ. ನನ್ನ ಮಾತು ಕೇಳುವುದಾದರೆ ಜನವರಿಯಲ್ಲಿ ಕರೆಯಿರಿ.

ಡೋಣಿ ನಮ್ಮ ಕಡೆಯ ನದಿ. ಡೋಣಿ ಹರಿದರೆ ಓಣಿಯೆಲ್ಲ ಜೋಳ ಅಂತ ನಮ್ಮಲ್ಲಿ ಮಾತಿದೆ. ಆ ಎರೆಭೂಮಿಯ ಹಿಂಗಾರಿ ಬಿಳಿಜೋಳ ಹಾಲುಗಾಳು ಕಟ್ಟುವುದು ಹೆಚ್ಚುಕಡಿಮೆ ಡಿಸೆಂಬರ್ ಕೊನೆಯಿಂದ ಜನವರಿವರೆಗೆ. ಆಗ ಎಳೆ ತೆನೆಗಳನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಉಜ್ಜಿ ಕಾಳು ಬಿಡಿಸುತ್ತಾರೆ. ಅದೇ ಸೀತನಿ. ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ (ಹಿಂಡಿ ಅಂದರೆ ಚಟ್ನಿಪುಡಿ), ಒಂದು ಚೂರು ಬೆಲ್ಲ. ಸೀತನಿ ಪಾರ್ಸೆಲ್ ತರುವ ತಿನಿಸಲ್ಲ, ಆರಿದರೆ ಅದರ ಸೊಗಸು ಹೋಯಿತು. ಹಾಗಾಗಿ ಗೆಳೆಯರಲ್ಲಿ ಯಾರಿಗಾದರೂ ಹೊಲ ಇದ್ದರೆ ಮನೆಯ ಬದಲು ಅಲ್ಲೇ ಸೇರಿ. ವಿಜಯಪುರದಲ್ಲಿ ಅಂಥ ಒಬ್ಬ ಗೆಳೆಯ ಎಲ್ಲರಿಗೂ ಇದ್ದೇ ಇರುತ್ತಾನೆ.

ಸೀತನಿಗೆ ಶೆನಿನ್ ಬ್ಲಾಂಕ್ ಇಡಿ. ಬಿಳಿ ವೈನ್, ತುಸು ಸಿಹಿ ಕಡೆಗೆ ವಾಲಿದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಎಳೆ ಕಾಳಿನ ಹಾಲಿನ ಸಿಹಿ, ಹೊಗೆಯ ವಾಸನೆ, ಹಿಂಡಿಯ ಖಾರ ಮೂರನ್ನೂ ಅದು ಸಂಭಾಳಿಸುತ್ತದೆ.

ಅದೇ ಹೊತ್ತಿಗೆ ಕಡಲೆ ಹೊಲದಲ್ಲಿ ಸುಲಗಾಯಿ ಬಂದಿರುತ್ತದೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನನಗೆ ಇದು ಬಹಳ ಇಷ್ಟದ ಸಂಗತಿ. ಕಡಲೆ ಗಿಡದ ಎಲೆಯ ಮೇಲೆ ಹುಳಿ ಇರುತ್ತದೆ. ಬೆಳಗಿನ ಇಬ್ಬನಿಯಲ್ಲಿ ಗಿಡದ ಮೇಲೆ ಬಿಳಿ ಬಟ್ಟೆ ಹಾಸಿ, ಆ ಬಟ್ಟೆಯನ್ನು ಹಿಂಡಿ, ಆ ಹುಳಿಯನ್ನು ಹೊಟ್ಟೆನೋವಿಗೆ ಅಂತ ಇಟ್ಟುಕೊಳ್ಳುವ ರೂಢಿ ಇತ್ತು. ಆ ಹುಳಿಯಲ್ಲಿ ಮ್ಯಾಲಿಕ್ ಆಮ್ಲ ಇದೆ. ದ್ರಾಕ್ಷಿಕಾಯಿ ಹುಳಿಯಾಗಿರಲು ಕಾರಣವಾಗುವ ಆಮ್ಲಗಳಲ್ಲೂ ಅದು ಒಂದು. ಕಿತ್ತ ಗಿಡದಿಂದ ಹಸಿ ಸುಲಗಾಯಿ ಬಿಡಿಸಿ ತಿನ್ನುತ್ತಾ ಸಾವಿನ್ಯೋನ್ ಬ್ಲಾಂಕ್ ಅನ್ನುವ ತಣ್ಣನೆಯ ಬಿಳಿ ವೈನ್ ಒಂದು ಗುಟುಕು ಕುಡಿದು ನೋಡಿ. ಬೆರಳಿಗೆ ಅಂಟಿದ ಹುಳಿ, ಕಾಳಿನ ಹಸಿರು ರುಚಿ, ವೈನ್ ಎಲ್ಲ ಒಂದೇ ಹೊಲದಲ್ಲಿ ಬೆಳೆದಂತೆ ಅನಿಸುತ್ತದೆ. ಹುಳಿಯಾದ ಪುಂಡಿಪಲ್ಯಕ್ಕೂ ಇದೇ ವೈನ್ ಇರಲಿ. ಊಟಕ್ಕಿಂತ ವೈನ್‌ನಲ್ಲಿ ಹುಳಿ ಕಡಿಮೆ ಇದ್ದರೆ ಅದು ಸಪ್ಪೆ ಅನಿಸುತ್ತದೆ.

ಇನ್ನು ರೊಟ್ಟಿ ಊಟ. ಖಾರದ ಮೇಲೆ ಒಗರು ಜಾಸ್ತಿ ಇರುವ ಕೆಂಪು ವೈನ್ ಕುಡಿದರೆ ಬಾಯಿ ಇನ್ನೂ ಉರಿಯುತ್ತದೆ. ಮದ್ಯಾಂಶ ಹೆಚ್ಚಿದಷ್ಟೂ ಉರಿ ಹೆಚ್ಚು. ಅದಕ್ಕೇ ಕೆಂಪು ಮೆಣಸಿನಕಾಯಿ ರಂಜಕ ತಟ್ಟೆಯಲ್ಲಿದ್ದರೆ ಕೆಬರ್ನೆ ಸಾವಿನ್ಯೋನ್‌ನಂಥ ಒಗರು ಕೆಂಪು ವೈನ್ ಬೇಡ. ಆದರೆ ಎಣಗಾಯಿ ಬೇರೆ. ಅದರಲ್ಲಿ ಶೇಂಗಾ, ಎಳ್ಳು, ಮೇಲೆ ತೇಲುವಷ್ಟು ಎಣ್ಣೆ ಇದೆ, ಒಗರು ಅಲ್ಲೇ ಮೆತ್ತಗಾಗುತ್ತದೆ. ಖಾರ ತುಸು ತಗ್ಗಿಸಿ ಮಾಡಿದ ಎಣಗಾಯಿಗೆ ತೀರಾ ಗಟ್ಟಿಯಲ್ಲದ ಕೆಂಪು ವೈನ್ ನಿಜಕ್ಕೂ ಚೆನ್ನ. ಸ್ಯಾಂಜೊವೇಸೆ ಅನ್ನುವ ಇಟಲಿಯ ತಳಿ ಇದೆ, ನಮ್ಮ ಪಕ್ಕದ ಸೊಲ್ಲಾಪುರ ಜಿಲ್ಲೆಯ ಅಕ್ಲುಜ್ ಕಡೆ ಫ್ರಾಟೆಲ್ಲಿ ಅನ್ನುವ ವೈನ್ ಕಂಪನಿಯವರು ಅದನ್ನು ಬೆಳೆಯುತ್ತಾರೆ. ಸಿಕ್ಕರೆ ಅದನ್ನೇ ತನ್ನಿ. ಆದರೆ ಇಲ್ಲಿಯ ಅಂಗಡಿಯಲ್ಲೇ ಕೊಳ್ಳಿ. ಗಡಿ ದಾಟಿಸಿ ಬಾಟಲಿ ತರಲು ಹೋದರೆ ಅಬಕಾರಿ ನಿಯಮದ ತೊಡಕು.

‘ರೂಮ್ ಟೆಂಪರೇಚರ್’ ಅನ್ನುವ ಮಾತನ್ನು ನಮ್ಮೂರಲ್ಲಿ ನಂಬಬೇಡಿ. ಕೆಂಪು ವೈನ್‌ಗೆ 16ರಿಂದ 18 ಡಿಗ್ರಿ ಬೇಕು. ಫ್ರಿಜ್‌ನಲ್ಲಿ ಸ್ವಲ್ಪ ಹೊತ್ತು ಇಟ್ಟು ತೆಗೆಯಿರಿ. ಬಿಳಿ ವೈನ್ ಹೊಲಕ್ಕೆ ಒಯ್ಯುವುದಾದರೆ ಐಸ್ ಹಾಕಿದ ಬಕೆಟ್‌ನಲ್ಲಿ ನೀರೂ ಇರಲಿ, ಬೇಗ ತಣ್ಣಗಾಗುತ್ತದೆ.

ಒಬ್ಬ ಗೆಳೆಯ ಖಂಡಿತ ಕೇಳುತ್ತಾನೆ: ಇಷ್ಟು ದ್ರಾಕ್ಷಿ ಬೆಳೆಯುವ ಜಿಲ್ಲೆ, ಇಲ್ಲಿಯ ವೈನ್ ಯಾಕೆ ಅಷ್ಟಾಗಿ ಕಾಣುವುದಿಲ್ಲ? ತಿಕೋಟಾ, ಬಬಲೇಶ್ವರ ಕಡೆ ನೀವು ನೋಡುವ ತೋಟಗಳಲ್ಲಿ ಬಹುಪಾಲು ಥಾಮ್ಸನ್ ಸೀಡ್‌ಲೆಸ್ ಮತ್ತು ಅದರ ಬಳಗದ ತಳಿಗಳು. ತಿನ್ನಲು, ಒಣಗಿಸಲು ಬೆಳೆದವು. ವೈನ್ ತಳಿಗಳ ಹಣ್ಣು ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ. ಬಣ್ಣ, ಒಗರು, ಪರಿಮಳ ಹೆಚ್ಚಾಗಿ ಆ ಸಿಪ್ಪೆಯಿಂದಲೇ ಬರಬೇಕು. ಮಣೂಕ (ಒಣದ್ರಾಕ್ಷಿ) ಮಾಡಿದರೆ ಖರೀದಿದಾರ ಇದ್ದಾನೆ ಅಂತ ಗೊತ್ತಿರುವ ರೈತ ತಳಿ ಬದಲಿಸುವುದು ಸಣ್ಣ ಮಾತಲ್ಲ. ಅವನ ಲೆಕ್ಕ ನನಗೆ ಸರಿ ಅನಿಸುತ್ತದೆ.

ಒಂದು ಮಾತು ಮಾತ್ರ ತಪ್ಪದೇ ನೆನಪಿಡಿ. ಎಳ್ಳ ಅಮವಾಸ್ಯೆ ದಿನ ಹೊಲಕ್ಕೆ ಕರೆದರೆ ಹೋಗಿ, ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಹೊಟ್ಟೆ ತುಂಬ ಉಣ್ಣಿ. ಆದರೆ ಬಾಟಲಿ ಒಯ್ಯಬೇಡಿ. ಅದು ಭೂಮಿತಾಯಿಗೆ ಚರಗ, ಅಂದರೆ ಅಡುಗೆಯ ನೈವೇದ್ಯ ಚೆಲ್ಲುವ ದಿನ, ಮನೆಯ ಹಿರಿಯರೆಲ್ಲ ಇರುತ್ತಾರೆ. ನಿಮ್ಮ ಕೂಟ ಬೇರೆ ದಿನ ಇರಲಿ. ಆ ಕೂಟದಲ್ಲೂ ಕುಡಿಯದವರು ಇದ್ದೇ ಇರುತ್ತಾರೆ, ವಾಪಸ್ ಗಾಡಿ ಓಡಿಸುವವರೂ ಇರಬೇಕು. ಅವರಿಗೆ ಇಂಡಿ ಲಿಂಬೆಯ ಶರಬತ್ತು, ಒಗ್ಗರಣೆ ಮಜ್ಜಿಗೆ ಮಾಡಿಡಿ. ವೈನ್‌ಗೆ ಎಷ್ಟು ಮುತುವರ್ಜಿ ಮಾಡುತ್ತೀರೋ ಅದಕ್ಕೂ ಅಷ್ಟೇ ಮಾಡಿ.

ಜನವರಿ ತಪ್ಪಿದರೆ ಮಾರ್ಚ್‌ನಲ್ಲಿ ಕರೆಯಿರಿ, ಬಿಸಿಲು ಇಳಿದ ಮೇಲೆ. ಸೀತನಿ ಸಿಗುವುದಿಲ್ಲ, ಆದರೆ ಶೆಡ್‌ಗಳಲ್ಲಿ ಬಲೆಯ ಮೇಲೆ ದ್ರಾಕ್ಷಿ ಒಣಗುತ್ತಿರುತ್ತದೆ. ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಮಣೂಕ. ಹೊಸ ಮಣೂಕ, ಹುರಿದ ಶೇಂಗಾ ಒಂದು ತಟ್ಟೆಯಲ್ಲಿಟ್ಟು, ಕೊನೆಗೆ ಹೋಳಿಗೆ ಜೊತೆ ಲೇಟ್ ಹಾರ್ವೆಸ್ಟ್ ಅಂತ ಬರೆದಿರುವ ಸಿಹಿ ವೈನ್ ಚಿಕ್ಕ ಗ್ಲಾಸಿನಲ್ಲಿ ಕೊಡಿ.