ಕೂಗಿದರೂ ಓಗೊಡದ ಅಪ್ಪ

ಗಂಗಾವತಿಯಿಂದ ಓದುಗರೊಬ್ಬರು ಬರೆದಿದ್ದಾರೆ: ‘ಅಪ್ಪನಿಗೆ 61 ವರ್ಷ. ಅಕ್ಕಿ ಗಿರಣಿಯಲ್ಲಿ ದುಡಿದವರು. 14 ವರ್ಷಗಳಿಂದ ಸಕ್ಕರೆ ಕಾಯಿಲೆ. ಈಚೆಗೆ ಕರೆದರೆ ಓಗೊಡುವುದಿಲ್ಲ. ಬೇಕಾದದ್ದು ಮಾತ್ರ ಕೇಳಿಸುತ್ತದೆ ಎಂದು ಅಮ್ಮ ಸಿಟ್ಟಾಗುತ್ತಾರೆ. ಶುಗರ್‌ಗೂ ಕಿವಿಗೂ ಸಂಬಂಧವಿದೆಯೇ?’

ಪ್ರಿಯ ಸಹೋದರಿ,

ಇದೆ. ಈ ಉತ್ತರವನ್ನು ಮೊದಲು ಅಮ್ಮನಿಗೆ ಓದಿ ಹೇಳಿ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಸಂಶೋಧಕರು ಐದು ಸಾವಿರಕ್ಕೂ ಹೆಚ್ಚು ವಯಸ್ಕರ ಶ್ರವಣ ಪರೀಕ್ಷೆಯ ವಿವರಗಳನ್ನು ಪರಿಶೀಲಿಸಿ 2008ರಲ್ಲಿ ವರದಿ ಪ್ರಕಟಿಸಿದರು. ಮಧುಮೇಹ ಇದ್ದವರಲ್ಲಿ ಕಿವಿ ಮಂದವಾಗಿರುವುದು ಇಲ್ಲದವರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು ಎಂದು ಅದರಲ್ಲಿ ಕಂಡುಬಂತು. ವಯಸ್ಸನ್ನು ಲೆಕ್ಕಕ್ಕೆ ಹಿಡಿದ ಮೇಲೂ ಈ ಅಂತರ ಉಳಿಯಿತು.

ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾದ ಪುಟ್ಟ ಅಂಗವೊಂದಿದೆ, ಕಾಕ್ಲಿಯ. ಅದಕ್ಕೆ ರಕ್ತ ತಲುಪಿಸುವುದು ಒಂದೇ ಒಂದು ಸಣ್ಣ ರಕ್ತನಾಳ. ಅದು ಕೈಕೊಟ್ಟರೆ ಬದಲಿ ದಾರಿಯಿಲ್ಲ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಏರಿಯೇ ಇದ್ದರೆ ಕಣ್ಣು, ಮೂತ್ರಪಿಂಡಗಳ ಕೂದಲೆಳೆಯಂಥ ನಾಳಗಳು ಹೇಗೆ ದಪ್ಪಗಟ್ಟುತ್ತವೆಯೋ ಇಲ್ಲಿಯೂ ಹಾಗೆಯೇ. ಪಾದ ಜೋಮು ಹಿಡಿಸುವ ನರದ ಹಾನಿ ಕಿವಿಯ ನರವನ್ನೂ ಬಿಡುವುದಿಲ್ಲ. ಆದರೆ ಪಾದ ಉರಿಯುತ್ತದೆ, ಕಣ್ಣು ಮಂಜಾಗುತ್ತದೆ. ಕಿವಿ ನೋಯುವುದಿಲ್ಲ, ಸದ್ದಿಲ್ಲದೆ ಸೋಲುತ್ತದೆ.

ಸಾಮಾನ್ಯವಾಗಿ ಮೊದಲು ಹೋಗುವುದು ಕೀರಲು ಸದ್ದುಗಳು. ಅ, ಆ, ಒ ಕೇಳಿಸುತ್ತವೆ. ಸ, ಶ, ತ, ಕ ಜಾರಿಹೋಗುತ್ತವೆ. ‘ಹತ್ತು’ ಎಂದರೆ ‘ಹಕ್ಕು’ ಎಂದು ಕೇಳಬಹುದು. ಹೀಗಾಗಿ ಅಪ್ಪನಿಗೆ ಕಟ್ಟೆಯ ಮೇಲೆ ಕುಳಿತ ಗೆಳೆಯರ ದಪ್ಪ ದನಿ ತಿಳಿಯುತ್ತದೆ, ಅಡುಗೆಮನೆಯಿಂದ ಬರುವ ಅಮ್ಮನ ದನಿ ತಿಳಿಯುವುದಿಲ್ಲ. ಅದು ಹಟವೆಂದು ತೋರುವುದು ಸಹಜ. ನಮ್ಮ ತಾಯಿಯ ವಿಷಯದಲ್ಲಿ ನಾನೂ ಹಾಗೆಯೇ ತಿಳಿದಿದ್ದೆ. ಒಂದು ಬೆಳಿಗ್ಗೆ ಅವರು ಬೆರಳು ಚುಚ್ಚಿ ಗ್ಲುಕೋಮೀಟರ್‌ನ ಪಟ್ಟಿಗೆ ರಕ್ತ ತಾಗಿಸಿ ಕಾಯುತ್ತಲೇ ಇದ್ದರು. ಯಂತ್ರ ಆಗಲೇ ಬೀಪ್ ಎಂದಿತ್ತು, ನನಗೆ ಪಕ್ಕದ ಕೋಣೆಗೆ ಕೇಳಿಸಿತ್ತು. ಅವರನ್ನು ಗದರಿದ ದಿನಗಳನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಹಾಗೆಂದು ನಿಮ್ಮ ತಂದೆಯವರ ವಿಷಯದಲ್ಲಿ ಎಲ್ಲ ಹೊಣೆಯನ್ನೂ ಸಕ್ಕರೆಯ ಮೇಲೆ ಹೊರಿಸಲಾಗದು. ಗಿರಣಿಯ ಸದ್ದು, ವಯಸ್ಸು ಎರಡೂ ಸೇರಿರಬಹುದು. ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿರಲೂಬಹುದು. ಕಿವಿ, ಮೂಗು, ಗಂಟಲು ತಜ್ಞರಿಗೆ ತೋರಿಸಿ, ಆಡಿಯೋಮೆಟ್ರಿ ಮಾಡಿಸಿ. ಸೂಜಿಯಿಲ್ಲ, ನೋವಿಲ್ಲ, ಹೆಡ್‌ಫೋನ್ ಹಾಕಿಕೊಂಡು ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಿದರಾಯಿತು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆಯಾದರೂ ಈ ಪರೀಕ್ಷೆಗಾಗಿ ಅಷ್ಟು ದೂರ ಹೋಗಬೇಕಾಗಿಲ್ಲ. ಗುಗ್ಗೆ ತೆಗೆಯಲು ಕಡ್ಡಿ ಹಾಕುವುದು, ಬಿಸಿ ಎಣ್ಣೆ ಬಿಡುವುದು ಮಾತ್ರ ಬೇಡವೇ ಬೇಡ. ಮಧುಮೇಹಿಗಳ ಕಿವಿಯ ಸೋಂಕು ಕೆಲವೊಮ್ಮೆ ತಲೆಬುರುಡೆಯ ಮೂಳೆಗೇ ಇಳಿಯುತ್ತದೆ. ರಾತ್ರಿ ನಿದ್ದೆಗೆಡಿಸುವಂಥ ಕಿವಿನೋವು ಬಂದರೆ ತಡಮಾಡಬೇಡಿ.

ಒಳಕಿವಿಗೆ ಆದ ಇಂಥ ಹಾನಿ ಸಾಮಾನ್ಯವಾಗಿ ಮರಳಿ ಸರಿಹೋಗುವುದಿಲ್ಲ. ಸಕ್ಕರೆ, ರಕ್ತದೊತ್ತಡ ಹತೋಟಿಯಲ್ಲಿದ್ದರೆ ಇನ್ನಷ್ಟು ಹದಗೆಡುವ ಅಪಾಯ ತಗ್ಗಬಹುದು. ಉಳಿದದ್ದಕ್ಕೆ ಶ್ರವಣ ಸಾಧನವಿದೆ. ಆದರೆ ಒಂದು ಕಿವಿ ದಿಢೀರನೆ ಮುಚ್ಚಿಹೋದರೆ ಅದು ತುರ್ತು. ಅದೇ ದಿನ ವೈದ್ಯರ ಬಳಿಗೆ ಹೋಗಿ, ಸಕ್ಕರೆ ಕಾಯಿಲೆ ಇದೆಯೆಂದು ಮೊದಲೇ ತಿಳಿಸಿ. ಏಕೆಂದರೆ ಅದಕ್ಕೆ ಕೊಡುವ ಸ್ಟೀರಾಯ್ಡ್ ಸಕ್ಕರೆಯನ್ನು ಏರಿಸುತ್ತದೆ.

ಆಡಿಯೋಮೆಟ್ರಿಯ ಗ್ರಾಫನ್ನು ಅಪ್ಪನ ಶುಗರ್ ಫೈಲಿನಲ್ಲೇ ಇಡಿ, ಮುಂದಿನ ವರ್ಷದ ಗ್ರಾಫಿನೊಂದಿಗೆ ಹೋಲಿಸಲು ಬೇಕಾಗುತ್ತದೆ. ಅಲ್ಲಿಯವರೆಗೆ ಅಮ್ಮ ಒಲೆಯ ಮುಂದಿನಿಂದ ಕೂಗದೆ, ಎರಡು ಹೆಜ್ಜೆ ಬಂದು ಎದುರು ನಿಂತು, ನಿಧಾನವಾಗಿ ಮಾತನಾಡಲಿ.

— ಸಂಪಾದಕ