ಬೇರೆಯವರ ಕೊಳೆ ನಾನ್ಯಾಕೆ ತೊಳೆಯಲಿ?

ಪ್ರಶ್ನೆ: ನನಗೆ 29 ವರ್ಷ, ಹಾಸನದ ಕಡೆಯವಳು. ಗಂಡನಿಗೆ ವರ್ಗವಾಗಿ ಹತ್ತು ದಿನದ ಹಿಂದೆ ಬೆಂಗಳೂರಿನ ಬಾಡಿಗೆ ಮನೆಗೆ ಬಂದೆವು. ಮನೆ ನೋಡಲು ಹೋದಾಗ ಹಳೆಯ ಬಾಡಿಗೆದಾರರು ಇನ್ನೂ ಇದ್ದರು. ಅವರ ಸಾಮಾನಿನ ನಡುವೆ ಏನೂ ಗೊತ್ತಾಗಲಿಲ್ಲ. ಕೀ ಕೈಗೆ ಬಂದ ಮೇಲೆ ನೋಡಿದರೆ ಅಡುಗೆಮನೆ ಗೋಡೆ ತುಂಬ ಎಣ್ಣೆ ಜಿಡ್ಡು, ಸಿಂಕ್ ಕೆಳಗೆ ಜಿರಳೆ, ಬಚ್ಚಲ ಜಾಲರಿಯಲ್ಲಿ ಯಾರದೋ ಕೂದಲು. ರೂಮಿನ ಒಂದು ಗೋಡೆ ತೇವ ಹಿಡಿದು ಕಪ್ಪಗಾಗಿದೆ. ಅವರ ಕ್ಯಾಲೆಂಡರ್ ಕೂಡ ಮೊಳೆಯಲ್ಲೇ ಇದೆ, ಅದರ ಮೇಲೆ ಹಾಲಿನ ಲೆಕ್ಕ. ನನ್ನ ಮಗಳಿಗೆ 10 ತಿಂಗಳು, ಅಂಬೆಗಾಲಿಡುತ್ತಾಳೆ. ಗಂಡ, 'ಒರೆಸಿದರೆ ಹೋಗುತ್ತೆ, ಇಷ್ಟಕ್ಕೆಲ್ಲ ಅಳ್ತಾರಾ' ಎನ್ನುತ್ತಾರೆ. ಓನರ್ ವಯಸ್ಸಾದ ದಂಪತಿ, ಕೆಳಗಿನ ಮನೆಯಲ್ಲೇ ಇದ್ದಾರೆ. ಬಂದ ತಕ್ಷಣ ಜಗಳ ಬೇಡ ಅಂತ ಗಂಡನ ಮಾತು. ಮನೆ ಬಿಡೋಣ ಅಂದರೆ, 'ಹಾಲು ಉಕ್ಕಿಸಿದ ಮನೆಯನ್ನು ಹೀಗೆ ಬಿಡಬಾರದು' ಅಂತ ಅತ್ತೆ ಹೇಳುತ್ತಾರೆ. ನಾನೇ ಅತಿ ಮಾಡುತ್ತಿದ್ದೇನಾ?

ಉತ್ತರ: ಇಲ್ಲಮ್ಮಾ, ಅತಿ ಅಲ್ಲ. ನಮ್ಮ ಮನೆಯ ಕೊಳೆ ತೊಳೆಯುವಾಗ ಬೇಸರ ಆಗಬಹುದು, ಆದರೆ ಅಸಹ್ಯ ಆಗುವುದಿಲ್ಲ. ಗುರುತು ಪರಿಚಯ ಇಲ್ಲದವರ ಕೂದಲನ್ನು ಜಾಲರಿಯಿಂದ ಎಳೆಯುವಾಗ ಹೊಟ್ಟೆ ತೊಳಸಿ ಬರುತ್ತದೆ. ಅದರಲ್ಲೂ ನೆಲದಲ್ಲಿ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವ ಮಗು ಇದೆ. 'ಒರೆಸಿದರೆ ಹೋಗುತ್ತೆ' ಅನ್ನುವುದು ಸುಲಭ. ಒರೆಸುವವರು ಯಾರು ಅನ್ನುವುದನ್ನು ನಿಮ್ಮ ಯಜಮಾನರು ಹೇಳಿಲ್ಲ, ಅಲ್ವಾ? ನಿಮಗೆ ಅಳು ಬರುತ್ತಿರುವುದು ಜಿಡ್ಡಿಗಿಂತ ಜಾಸ್ತಿ ಆ ಮಾತಿಗೇ ಅಂತ ನನಗೆ ಅನಿಸುತ್ತದೆ.

ಆದರೆ ಇನ್ನೂ ಬಟ್ಟೆ ಬಕೆಟ್ಟು ಹಿಡಿಯಬೇಡಿ. ಮೊದಲು ಫೋಟೊ ತೆಗೆಯಿರಿ. ಸಿಂಕ್ ಕೆಳಗಿನ ಬಾಗಿಲು ತೆಗೆದು ಒಳಗಿನದು, ಕಪಾಟಿನ ಹಿಂಬದಿ, ಕಪ್ಪಾದ ಗೋಡೆ, ಒಡೆದ ಟೈಲ್, ಎಲ್ಲವನ್ನೂ. ಇವತ್ತೇ ಓನರ್‌ಗೆ ವಾಟ್ಸ್ಆ್ಯಪ್ ಮಾಡಿ, ತಾರೀಖು ಅಲ್ಲೇ ಉಳಿಯುತ್ತದೆ. ಯಾಕೆ ಹೇಳುತ್ತೇನೆ ಅಂದರೆ, ನಾನು ಬಾಡಿಗೆ ಮನೆಯಲ್ಲಿದ್ದಾಗ ಇದನ್ನು ಮಾಡಲಿಲ್ಲ. ಬಂದ ದಿನವೇ ಸೆರಗು ಕಟ್ಟಿ ತೊಳೆದೆ. ಮೂರು ವರ್ಷದ ನಂತರ ಬಿಡುವಾಗ, ನಾವು ಬರುವ ಮೊದಲೇ ಇದ್ದ ಒಂದು ಟೈಲಿನ ಬಿರುಕಿಗೂ ನಮ್ಮ ಅಡ್ವಾನ್ಸಿನಲ್ಲಿ ಹಿಡಿದುಕೊಂಡರು. ಬಾಯಿಮಾತಿನಲ್ಲಿ ಏನು ಹೇಳಿದರೂ ನಡೆಯಲಿಲ್ಲ.

ಆಮೇಲೆ ಕೆಳಗಿಳಿದು ಹೋಗಿ ಮಾತಾಡಿ. ಇಬ್ಬರೂ ಹೋಗಿ, ಮಗುವನ್ನೂ ಎತ್ತಿಕೊಳ್ಳಿ. ಬೆಂಗಳೂರಿನಲ್ಲಿ ಮನೆ ಬಿಡುವವರ ಅಡ್ವಾನ್ಸಿನಿಂದ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಹಳೆಯ ರೂಢಿ. ತುಂಬ ಕರಾರು ಪತ್ರಗಳಲ್ಲಿ ಬರೆದೂ ಇರುತ್ತಾರೆ. ನಿಮ್ಮ ಪತ್ರ ತೆಗೆದು ನೋಡಿ. ಆ ಸಾಲು ನಿಮ್ಮದರಲ್ಲಿ ಇದ್ದರೆ ಹಿಂದಿನವರದರಲ್ಲೂ ಇದ್ದಿರಬಹುದು. ಹಾಗಿದ್ದರೆ ಈ ಗೋಡೆಗೆ ಬಣ್ಣ ಹೊಡೆಸಲು ದುಡ್ಡು ಆಗಲೇ ಬಂದಿದೆ. ಹೀಗೆ ಕೇಳಿ: 'ಅಂಕಲ್, ಹೋದವರ ಅಡ್ವಾನ್ಸಲ್ಲಿ ಪೇಂಟಿಂಗ್ ದುಡ್ಡು ಹಿಡ್ಕೊಂಡಿದ್ರಾ? ಹಾಗಿದ್ರೆ ಅಡುಗೆಮನೆ, ರೂಮು ಎರಡಕ್ಕಾದ್ರೂ ಬಣ್ಣ ಹೊಡೆಸಿ ಕೊಡಿ. ಕ್ಲೀನಿಂಗ್‌ಗೆ ನಾವೇ ಜನ ಕರೆಸ್ತೀವಿ, ಖರ್ಚು ಮುಂದಿನ ಬಾಡಿಗೆಯಲ್ಲಿ ಕಳೆಯೋಣ.' ಇದರಲ್ಲಿ ಜಗಳ ಎಲ್ಲಿದೆ? ವಯಸ್ಸಾದವರು, ಮೆಟ್ಟಿಲು ಹತ್ತಿ ಮನೆ ನೋಡಿರಲಿಕ್ಕೂ ಇಲ್ಲ. ಒಪ್ಪಿದರೆ ಆ ಮಾತನ್ನೂ ಒಂದು ಮೆಸೇಜ್‌ನಲ್ಲಿ ಹಾಕಿಡಿ. 2021ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯ ಪಟ್ಟಿಯಲ್ಲಿ ಗೋಡೆಯ ಸುಣ್ಣ, ಬಾಗಿಲು ಕಿಟಕಿಯ ಬಣ್ಣ ಮಾಲೀಕರ ಪಾಲಿಗೆ ಬರುತ್ತದೆ. ನಲ್ಲಿಯ ವಾಷರ್, ಮೋರಿ ಕ್ಲೀನ್ ಮಾಡಿಸುವುದು ಬಾಡಿಗೆದಾರರ ಪಾಲಿಗೆ. ಅದು ಮಾದರಿ ಅಷ್ಟೇ, ರಾಜ್ಯ ಒಪ್ಪಿಕೊಂಡರೆ ಮಾತ್ರ ಕಾನೂನು. ಆದರೂ ಯಾವುದು ಯಾರ ಕೆಲಸ ಅಂತ ಮಾತು ಬಂದಾಗ ಉಪಯೋಗಕ್ಕೆ ಬರುತ್ತದೆ.

ಇನ್ನು ತೊಳೆಯುವ ವಿಷಯ. ಒಂದು ಮಾತನ್ನು ಮರೆಯಲೇಬೇಡಿ. ಬಚ್ಚಲಿಗೆ ಹಾಕುವ ಆಸಿಡ್ಡನ್ನೂ ಬ್ಲೀಚಿಂಗ್ ಪೌಡರನ್ನೂ ಒಟ್ಟಿಗೆ ಹಾಕಬೇಡಿ. ಎರಡೂ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತದೆ. ಕಿಟಕಿ ಮುಚ್ಚಿದ ಸಣ್ಣ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ. ಕೋಪದಲ್ಲಿ ಕೈಗೆ ಸಿಕ್ಕಿದ್ದೆಲ್ಲ ಸುರಿಯುವವರನ್ನು ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಅಡುಗೆಮನೆ ಜಿಡ್ಡಿಗೆ ಬಿಸಿನೀರಿನಲ್ಲಿ ವಾಷಿಂಗ್ ಸೋಡಾ ಕರಗಿಸಿ, ಗ್ಲೌಸ್ ಹಾಕಿಕೊಂಡು, ಬಟ್ಟೆ ಅದ್ದಿ ಟೈಲಿಗೆ ಹತ್ತು ನಿಮಿಷ ಅಂಟಿಸಿಬಿಡಿ. ಎಳೆದಾಗ ಹಳದಿ ಜಿಡ್ಡು ಬಟ್ಟೆಯ ಜೊತೆಗೇ ಬರುತ್ತದೆ. ನಲ್ಲಿ, ಗಾಜಿನ ಮೇಲೆ ಬಿಳಿ ಪದರ ಇದ್ದರೆ ಅದು ಬೋರ್‌ವೆಲ್‌ನ ಗಡಸು ನೀರಿನ ಕಲೆ. ಅದಕ್ಕೆ ಹಿಂದಿನವರನ್ನು ಬೈಯಬೇಡಿ. ನಿಂಬೆರಸ ಅಥವಾ ವಿನೆಗರ್ ಸಾಕು, ಆದರೆ ಮಾರ್ಬಲ್ ಮೇಲೆ ಬೇಡ.

ಜಿರಳೆಗೆ ಒಂದೇ ಸಲ ಸ್ಪ್ರೇ ಹೊಡೆದು ಸುಮ್ಮನಾದರೆ ಪ್ರಯೋಜನ ಇಲ್ಲ. ಅಡುಗೆಮನೆಯ ಸಣ್ಣ ಕಂದು ಜಿರಳೆಯ ಒಂದು ಮೊಟ್ಟೆ ಗೂಡಿನಿಂದ 30-40 ಮರಿ ಬರುತ್ತವೆ, ಗೂಡಿಗೆ ಸ್ಪ್ರೇ ತಾಗುವುದಿಲ್ಲ. ಕಪಾಟಿನ ಹಿಂಜ್ ಸಂದಿಯಲ್ಲಿ, ಮಗುವಿನ ಕೈಗೆ ಎಟುಕದ ಕಡೆ, ಜಿರಳೆ ಸಾಯಿಸುವ ಜೆಲ್ ಚುಕ್ಕಿ ಇಡಿಸಿ. ಮೂರು ವಾರ ಬಿಟ್ಟು ಇನ್ನೊಮ್ಮೆ ಇಡಿಸಿ. ಕ್ಲೀನಿಂಗ್ ನಡೆಯುವ ಎರಡು ದಿನ ಮಗುವನ್ನು ನೆಂಟರ ಮನೆಯಲ್ಲಿ ಬಿಡಲು ಆದರೆ ಒಳ್ಳೆಯದು. ಸಂಪು, ಮೇಲಿನ ಟ್ಯಾಂಕು ಕೊನೆಯ ಸಲ ಯಾವಾಗ ತೊಳೆಸಿದ್ದು ಅಂತಲೂ ಓನರ್‌ನ ಕೇಳಿ. ಕಣ್ಣಿಗೆ ಕಾಣದ ಕೊಳೆ ಅಲ್ಲಿರುತ್ತದೆ.

ನಿಮ್ಮ ಯಜಮಾನರಿಗೆ ಒಂದು ಭಾನುವಾರ ಸಿಂಕ್ ಕೆಳಗಿನ ಭಾಗವನ್ನೇ ಒಪ್ಪಿಸಿ. ಸಿಟ್ಟಿನಿಂದ ಬೇಡ. 'ಇದು ನನ್ನ ಕೈಲಿ ಆಗ್ತಿಲ್ಲ, ನೀವು ಮಾಡಿಕೊಡಿ' ಅಂತ ನೇರವಾಗಿ ಹೇಳಿ. ಮಂಡಿಯೂರಿ, ತಲೆ ಒಳಗೆ ಹಾಕಿ, ಟಾರ್ಚ್ ಬಿಟ್ಟು ನೋಡಿದ ಮೇಲೆ 'ಇಷ್ಟಕ್ಕೆಲ್ಲ' ಅನ್ನುವ ಮಾತು ಅವರ ಬಾಯಿಂದ ಬರುವುದಿಲ್ಲ. ಬೆಂಗಳೂರಿಗೆ ಬಂದದ್ದು ಅವರ ಕೆಲಸಕ್ಕಾಗಿ. ಈ ಮನೆಯನ್ನು ಇರುವಂತೆ ಮಾಡುವುದು ಇಬ್ಬರ ಕೆಲಸ.

ಆ ಕ್ಯಾಲೆಂಡರನ್ನು ಈಗಲೇ ಇಳಿಸಿ. ಅದು ಕಣ್ಣೆದುರು ಇರುವಷ್ಟು ದಿನ ಬೇರೆಯವರ ಮನೆಯಲ್ಲಿದ್ದ ಹಾಗೇ ಅನಿಸುತ್ತದೆ.

ಮನೆ ಬಿಡಬೇಕಾ ಅಂತ ಕೇಳಿದ್ದೀರಿ. ಜಿಡ್ಡು, ಜಿರಳೆಗೆ ಬಿಡಬೇಡಿ, ಒಂದು ತಿಂಗಳಲ್ಲಿ ಹೋಗುತ್ತವೆ. ನನಗೆ ಚಿಂತೆ ಇರುವುದು ಆ ತೇವದ ಗೋಡೆಯದು. ಪೈಪ್ ಸೋರುತ್ತಿದ್ದರೆ ಬಣ್ಣ ಬಳಿದು ಪ್ರಯೋಜನವಿಲ್ಲ, ಬೂಷ್ಟು ಮತ್ತೆ ಬರುತ್ತದೆ, ಮಗುವಿನ ಉಸಿರಾಟಕ್ಕೆ ಅದು ಒಳ್ಳೆಯದಲ್ಲ. ಮಗುವಿನ ಹಾಸಿಗೆಯನ್ನು ಇವತ್ತು ರಾತ್ರಿಯೇ ಬೇರೆ ರೂಮಿಗೆ ಹಾಕಿ. ಪ್ಲಂಬರ್ ಕರೆಸಿ ಅಂತ ಓನರ್‌ಗೆ ಹೇಳಿ, ಒಂದು ತಿಂಗಳು ನೋಡಿ. ಏನೂ ಮಾಡದಿದ್ದರೆ ಕರಾರಿನಲ್ಲಿ ಎಷ್ಟು ತಿಂಗಳ ನೋಟಿಸ್ ಇದೆ, ಬೇಗ ಬಿಟ್ಟರೆ ದುಡ್ಡು ಹಿಡಿಯುತ್ತಾರಾ ಅಂತ ಓದಿಕೊಂಡು ಬೇರೆ ಮನೆ ಹುಡುಕಿ. ಅತ್ತೆಯವರಿಗೆ ಆ ಗೋಡೆಯ ಫೋಟೊ ಕಳಿಸಿ. ಮೊಮ್ಮಗಳು ಆ ರೂಮಿನಲ್ಲಿ ಮಲಗುತ್ತಿದ್ದಳು ಅಂತ ಗೊತ್ತಾದರೆ, ಇನ್ನೊಂದು ಮನೆಯಲ್ಲಿ ಹಾಲು ಉಕ್ಕಿಸಲು ಅವರೇ ಒಳ್ಳೆ ದಿನ ನೋಡುತ್ತಾರೆ.