ಗ್ಯಾಸ್ ಕಚೇರಿಯ ಮೇಲಿನ ಗ್ಯಾಲರಿ

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಮಗಳ ಮನೆಗೆ ಹೋಗಿ ಬಂದ ಧಾರವಾಡದ ಓದುಗರೊಬ್ಬರು ಕೇಳಿದ್ದಾರೆ: ಅಲ್ಲಿನ ಮ್ಯೂಸಿಯಂ ಮತ್ತು ಆರ್ಟ್ ಗ್ಯಾಲರಿಯನ್ನು ಕಟ್ಟಿಸಿದ ಅರಸ ಯಾರು? ಚಿತ್ರ ನೋಡಲು ಬಂದವರಿಂದ ಅಷ್ಟೊಂದು ಮೆಟ್ಟಿಲು ಹತ್ತಿಸುವುದೇಕೆ? ನಮ್ಮ ಬುದ್ಧ ಅಲ್ಲಿಗೆ ಹೇಗೆ ಹೋದ?

ಸಂಪಾದಕರ ಉತ್ತರ: ಮಾನ್ಯರೆ, ಅರಸೊತ್ತಿಗೆಯ ಪಾತ್ರ ಇಷ್ಟೇ: 1885ರಲ್ಲಿ ವೇಲ್ಸ್‌ನ ರಾಜಕುಮಾರ ಬಂದು ಉದ್ಘಾಟಿಸಿದ. ಹಣ ಹುಟ್ಟಿದ್ದು ಗ್ಯಾಸ್ ಮಾರಾಟದಲ್ಲಿ! ಗ್ರಂಥಾಲಯ, ಮ್ಯೂಸಿಯಂಗಳಿಗಾಗಿ ನಗರಸಭೆ ವಿಧಿಸಬಹುದಾಗಿದ್ದ ತೆರಿಗೆ, ಆಸ್ತಿಯ ತೆರಿಗೆ ಮೌಲ್ಯದ ಒಂದು ಪೌಂಡಿಗೆ ಒಂದೇ ಪೆನ್ನಿ. ಅದರಲ್ಲಿ ಗ್ಯಾಲರಿ ಕಟ್ಟುವ ಮಾತು ದೂರವೇ ಉಳಿಯಿತು. ಜೋಸೆಫ್ ಚೇಂಬರ್ಲೇನ್ ಮೇಯರ್ ಆಗಿದ್ದಾಗ, 1875ರಲ್ಲಿ, ಊರಿನ ಗ್ಯಾಸ್ ಕಂಪನಿಗಳು ನಗರಸಭೆಯ ಕೈಸೇರಿದವು. ಲಾಭ ಕಂಡ ಗ್ಯಾಸ್ ಸಮಿತಿಗೆ ಹೊಸ ಕಚೇರಿ ಬೇಕಿತ್ತು. ಪೆನ್ನಿಯ ಮಿತಿ ಗ್ಯಾಸ್ ಹಣಕ್ಕೆ ಅನ್ವಯಿಸುತ್ತಿರಲಿಲ್ಲ. ಹಾಗಾಗಿ ಕೆಳಗೆ ಗ್ಯಾಸ್ ಕಚೇರಿ, ಮೇಲೆ ಗ್ಯಾಲರಿ. ನಿಮ್ಮ ಮೊಣಕಾಲು ನೋವಿನ ಮೂಲ ಅಲ್ಲಿದೆ. ಕಾನೂನನ್ನು ಮುರಿಯದೆ ಅದರ ಪಕ್ಕದಿಂದ ನುಸುಳಿದ ಈ ಜಾಣತನ ನನಗಂತೂ ಕಟ್ಟಡಕ್ಕಿಂತ ಹೆಚ್ಚು ಇಷ್ಟ. ‘ಉದ್ಯಮದ ಗಳಿಕೆಯಿಂದ ಕಲೆಯನ್ನು ಬೆಳೆಸುತ್ತೇವೆ’ ಎಂಬ ಅರ್ಥದ ಬರಹವನ್ನು ಕಲ್ಲಿನಲ್ಲಿ ಕೆತ್ತಿಸಿಯೂ ಇದ್ದಾರೆ.

ವಾಸ್ತುಶಿಲ್ಪಿ ಯೋವಿಲ್ ಥಾಮಸನ್, ಪಕ್ಕದ ಕೌನ್ಸಿಲ್ ಹೌಸ್ ಕಟ್ಟಿದವನೇ. ಮೊದಲು ಎದುರಾಗುವ ವೃತ್ತಾಕಾರದ ಕೋಣೆಗೆ ಬೆಳಕು ಚಾವಣಿಯ ಗಾಜಿನಿಂದ ಇಳಿಯುತ್ತದೆ; ಕಿಟಕಿ ಇಲ್ಲದ್ದರಿಂದ ಗೋಡೆಯೆಲ್ಲ ಚಿತ್ರಗಳ ಪಾಲು. ಅದರಾಚೆಯ ಕೈಗಾರಿಕಾ ಗ್ಯಾಲರಿಯಲ್ಲಿ ಕಬ್ಬಿಣದ ಕಮಾನುಗಳನ್ನು ಮುಚ್ಚಿಡಲಿಲ್ಲ. ಲೋಹದ ಕೆಲಸದಿಂದ ಬದುಕುತ್ತಿದ್ದ ಊರು ಅದನ್ನೇಕೆ ಮುಚ್ಚಿಡಬೇಕು? ಹಿತ್ತಾಳೆ, ಗುಂಡಿ, ಆಭರಣ ತಯಾರಿಸುವ ಕುಶಲಕರ್ಮಿಗಳು ಒಳ್ಳೆಯ ಮಾದರಿಗಳನ್ನು ಕಂಡು ಕಲಿಯಲಿ ಎಂಬುದೇ ಸಂಗ್ರಹದ ಉದ್ದೇಶ. ಕಲಾಕೃತಿಗಳ ಖರೀದಿಗೆ 1880ರಲ್ಲಿ 10,000 ಪೌಂಡ್ ನೀಡಿದ ಟ್ಯಾಂಗೈ ಸಹೋದರರೂ ಯಂತ್ರ ತಯಾರಕರೇ.

ಇನ್ನು ಬುದ್ಧ. 1860ರ ದಶಕದ ಆರಂಭದಲ್ಲಿ ಬಿಹಾರದ ಸುಲ್ತಾನ್‌ಗಂಜ್‌ನಲ್ಲಿ ರೈಲು ನಿರ್ಮಾಣದ ವೇಳೆ ನೆಲದಿಂದೆದ್ದ ತಾಮ್ರದ ಮೂರ್ತಿ ಅದು. ಎತ್ತರ ಎರಡು ಮೀಟರಿಗೂ ಹೆಚ್ಚು, ತೂಕ ಅರ್ಧ ಟನ್. ಬರ್ಮಿಂಗ್‌ಹ್ಯಾಮ್‌ನ ಕಬ್ಬಿಣ ಸಾಮಾನಿನ ವ್ಯಾಪಾರಿ ಸ್ಯಾಮುಯೆಲ್ ಥಾರ್ನ್‌ಟನ್ 200 ಪೌಂಡ್ ಕೊಟ್ಟು ಅದನ್ನು ತರಿಸಿಕೊಂಡು, 1864ರಲ್ಲಿ, ಇನ್ನೂ ಕಟ್ಟಿರದ ಮ್ಯೂಸಿಯಂಗೆಂದು ಊರಿಗೆ ಕೊಟ್ಟ. ಲೂಟಿಯೇ ಎಂದು ನೀವು ಕೇಳಿದರೆ, ಹಣವೇನೋ ಪಾವತಿಯಾಗಿದೆ. ಆದರೆ ಕೊಟ್ಟವ, ಪಡೆದವ, ಅಗೆಸಿದವ ಮೂವರೂ ಆಳುವವರ ಕಡೆಯವರೇ; ಅಂಥ ವ್ಯವಹಾರವನ್ನು ಮಾರಾಟ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.